ಪ್ರಾಗ್ ಸೇತುವೆಯ ಸಂತರು ಎಲ್ಲಿ ಹೋದರು?

ಪ್ರಾಗ್‌ಗೆ ಹೋಗಿಬಂದವರು ಚಾರ್ಲ್ಸ್ ಸೇತುವೆಯ ಫೋಟೊ ತೋರಿಸಿ, "ಆರುನೂರು ವರ್ಷದ ಮೂರ್ತಿಗಳು ನೋಡಿ" ಅನ್ನುತ್ತಾರೆ. ಕಲ್ಲಿನ ಸಂರಕ್ಷಣೆಯೇ ನನ್ನ ಕಸುಬಾದ್ದರಿಂದ ಸುಮ್ಮನಿರಲು ಆಗುವುದಿಲ್ಲ. ಅಷ್ಟು ವಯಸ್ಸಾಗಿರುವುದು ಸೇತುವೆಗೆ, ಮೂರ್ತಿಗಳಿಗಲ್ಲ.

ವ್ಲ್ತಾವಾ ನದಿ 1342ರಲ್ಲಿ ಉಕ್ಕಿ ಹಳೆಯ ಜೂಡಿತ್ ಸೇತುವೆಯನ್ನು ಕೆಡವಿದ ಮೇಲೆ, ದೊರೆ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಹೊಸದನ್ನು ಶುರುಮಾಡಿಸಿದ. 16 ಕಮಾನು, ಸುಮಾರು 516 ಮೀಟರ್ ಉದ್ದ. ಗಾರೆಗೆಂದು ಊರೂರಿನಿಂದ ಮೊಟ್ಟೆ ತರಿಸಿದರಂತೆ. ಒಂದೂರಿನವರು ದಾರಿಯಲ್ಲಿ ಒಡೆಯದಿರಲಿ ಎಂದು ಬೇಯಿಸಿಯೇ ಕಳಿಸಿದರಂತೆ! (ನಮ್ಮ ಕೋಟೆಗಳ ಗಾರೆಗೂ ಬೆಲ್ಲ, ಮೊಟ್ಟೆಯ ಕಥೆ ಇದ್ದೇ ಇದೆ.)

ಮೂರ್ತಿಗಳ ಸಾಲು ಬಂದದ್ದು ಮುನ್ನೂರು ವರ್ಷ ಕಳೆದ ಮೇಲೆ. 1620ರ ಯುದ್ಧದಲ್ಲಿ ಪ್ರಾಟೆಸ್ಟೆಂಟರು ಸೋತರು. ಹ್ಯಾಬ್ಸ್‌ಬರ್ಗ್ ಅರಸರ ಕೈಕೆಳಗೆ ಕ್ಯಾಥೊಲಿಕ್ ಧರ್ಮ ಬೀದಿಗಿಳಿಯಿತು. ಜನ ದಿನಾ ಓಡಾಡುವ ಸೇತುವೆಗಿಂತ ಒಳ್ಳೆಯ ಜಾಗ ಯಾವುದಿತ್ತು? 1683ರಲ್ಲಿ ಮೊದಲು ನಿಂತವನು ನೆಪೊಮುಕ್‌ನ ಸಂತ ಜಾನ್. 1393ರಲ್ಲಿ ದೊರೆ ನಾಲ್ಕನೇ ವೆನ್ಸೆಸ್ಲಾಸ್‌ನ ಅಪ್ಪಣೆಯಂತೆ ಇದೇ ಸೇತುವೆಯಿಂದ ಹೊಳೆಗೆ ಎಸೆಯಲ್ಪಟ್ಟವನು. ಪೀಠದ ಉಬ್ಬುಶಿಲ್ಪದ ಫಲಕಗಳನ್ನು ಜನ ಮುಟ್ಟಿ ಮುಟ್ಟಿ ಬಂಗಾರದಂತೆ ಹೊಳೆಯಿಸಿದ್ದಾರೆ. ನಮ್ಮ ಗುಡಿಗಳಲ್ಲಿ ನಂದಿಯ ಬೆನ್ನು ಸವರಿ ಸವರಿ ಎಣ್ಣೆ ಹಚ್ಚಿದಂತಾಗಿರುತ್ತದಲ್ಲ, ಹಾಗೆ.

ಆದರೆ ಅದು ನ್ಯೂರೆಂಬರ್ಗ್‌ನಲ್ಲಿ ಎರಕ ಹೊಯ್ದ ಕಂಚು, ತಡೆದುಕೊಂಡಿತು. ಉಳಿದವು ಹೆಚ್ಚಾಗಿ ಮರಳುಗಲ್ಲಿನವು. ಕಲ್ಲಿದ್ದಲ ಹೊಗೆಯ ಗಂಧಕ ಮಳೆನೀರಿನ ಜೊತೆ ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ, ಒಣಗಿದಾಗ ಲವಣದ ಹರಳು ಬೆಳೆದು ಒಳಗಿಂದ ನೂಕುತ್ತದೆ. ಮೇಲ್ಮೈ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಮೊದಲು ಹೋಗುವುದು ಮೂಗು, ಬೆರಳು, ಬಟ್ಟೆಯ ನಿರಿಗೆ. ಅದಕ್ಕೇ ಮೂಲಮೂರ್ತಿಗಳನ್ನು ಒಂದೊಂದಾಗಿ ಇಳಿಸಿ ಪ್ರತಿಕೃತಿಗಳನ್ನು ನಿಲ್ಲಿಸಿದರು. ಮೋಸ ಅನ್ನುವವರಿದ್ದಾರೆ. ನನ್ನ ಪ್ರಕಾರ ಬೇರೆ ದಾರಿ ಇರಲಿಲ್ಲ.

ಹಳೇ ಗೋವಾದಲ್ಲಿ ಯಾರ ಶರೀರವಿದೆಯೋ ಆ ಸಂತ ಫ್ರಾನ್ಸಿಸ್ ಝೇವಿಯರ್‌ನ ಕಥೆ ಬೇರೆ. ಇದೇ ಸೇತುವೆಯ ಮೇಲಿದ್ದ, 1711ರಲ್ಲಿ ಶಿಲ್ಪಿ ಬ್ರೊಕಾಫ್ ಕೆತ್ತಿದ ಅವನ ಮೂರ್ತಿ 1890ರ ಪ್ರವಾಹದಲ್ಲಿ ಕಮಾನುಗಳು ಕುಸಿದಾಗ ನದಿಗೇ ಬಿತ್ತು. ಈಗ ನಿಂತಿರುವುದು ಪ್ರತಿಕೃತಿ. ಜೊತೆಗೇ ಬಿದ್ದ ಸಂತ ಇಗ್ನೇಷಿಯಸ್‌ನ ಜಾಗ ಅವನಿಗೆ ಮತ್ತೆ ಸಿಗಲೇ ಇಲ್ಲ. ಅಲ್ಲೀಗ ಸಂತ ಸಿರಿಲ್ ಮತ್ತು ಸಂತ ಮೆಥೋಡಿಯಸ್ ಇದ್ದಾರೆ.

ಉಳಿ ತಾಗಿದ ನಿಜವಾದ ಕಲ್ಲು ನೋಡಬೇಕೆಂದರೆ ಪ್ರಾಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಲ್ಯಾಪಿಡೇರಿಯಂಗೆ, ಅಂದರೆ ಹಳೆಯ ಕಲ್ಲುಶಿಲ್ಪಗಳ ವಿಭಾಗಕ್ಕೆ, ಹೋಗಿ. ಅಲ್ಲಿ ಸಂತರು ನಿಮ್ಮ ಭುಜದ ಎತ್ತರದಲ್ಲೇ ಸಿಗುತ್ತಾರೆ, ಮೂಗು ಸವೆದವರೂ ಸೇರಿ.