600 ಮಿಲಿಗ್ರಾಂ: ಯಾರ ರಕ್ತದ ಲೆಕ್ಕ?

ಮಾತ್ರೆ ಡಬ್ಬಿಯ ಮೇಲೆ ‘600 ಮಿ.ಗ್ರಾಂ’ ಅಂತ ಅಚ್ಚಾಗಿದ್ದರೆ ಅದರ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಗೊತ್ತಿದ್ದವರು ಲೆಕ್ಕ ಹಾಕಿಯೇ ಬರೆದಿರುತ್ತಾರೆ ಅನ್ನುವ ಧೈರ್ಯ. ಲೆಕ್ಕ ಹಾಕಿರುತ್ತಾರೆ, ನಿಜ. ಆದರೆ ಯಾರ ರಕ್ತ ತೆಗೆದು ಹಾಕಿದರು?

ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಎಂಬ ಔಷಧವನ್ನೇ ನೋಡಿ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ದೊಡ್ಡವರಿಗೆ ದಿನಕ್ಕೆ 600 ಮಿಲಿಗ್ರಾಂ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಇನ್ನೆರಡು ಔಷಧಗಳನ್ನೂ ಸೇರಿಸಿದ ಒಂದೇ ಮಾತ್ರೆಯನ್ನು ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು. ಜಗತ್ತಿನ ಎಚ್‌ಐವಿ ಪೀಡಿತರಲ್ಲಿ ಸುಮಾರು ಮೂರನೇ ಎರಡು ಭಾಗ ಜನ ಇರುವುದು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ. ಹಾಗಾಗಿ ಈ 600ರ ಮಾತ್ರೆಯನ್ನು ಅತಿ ಹೆಚ್ಚು ನುಂಗಿದವರೂ ಅವರೇ. ಕೆಲವರಿಗೆ ಏನೂ ಆಗಲಿಲ್ಲ. ಕೆಲವರಿಗೆ ತಲೆಸುತ್ತು, ವಿಚಿತ್ರ ಕನಸು, ನಿದ್ದೆಗೇಡು, ಮಂಕು. ‘ಮೊದಮೊದಲು ಹಾಗೇ, ಅಭ್ಯಾಸವಾಗುತ್ತದೆ’ ಅಂತ ಸಮಾಧಾನ ಹೇಳುವುದು ಸುಲಭ. ಬಹಳ ಜನರಿಗೆ ಅಭ್ಯಾಸವೂ ಆಗುತ್ತದೆ. ಆಗದವರ ದೇಹದಲ್ಲಿ ಏನು ನಡೆಯುತ್ತಿದೆ ಅಂತ ನೋಡಲು ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆಯಬೇಕು. ಅಳೆಯಲು ಬರುವವರು ಅಲ್ಲೇ, ಆ ಊರಲ್ಲೇ ಇರಬೇಕು.

ಈಗ ನನಗೆ ಅತ್ಯಂತ ಇಷ್ಟದ ಭಾಗಕ್ಕೆ ಬರೋಣ. ಮನೆ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಮೇಲಿಂದ ಒಂದೇ ವೇಗದಲ್ಲಿ ನೀರು ಬೀಳುತ್ತಿದೆ, ಕೆಳಗೆ ಒಂದು ತೂತಿದೆ. ಮಟ್ಟ ಏರಿದಂತೆ ಒತ್ತಡ ಜಾಸ್ತಿಯಾಗಿ ತೂತಿನಿಂದ ಹೊರಗೆ ಹೋಗುವ ನೀರೂ ಜಾಸ್ತಿ ಆಗುತ್ತದೆ. ಒಳಗೆ ಬರುವುದು, ಹೊರಗೆ ಹೋಗುವುದು ಸಮ ಆದಾಗ ಮಟ್ಟ ಅಲ್ಲಿಗೇ ನಿಲ್ಲುತ್ತದೆ. ಆ ಮಟ್ಟ ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಟ್ಯಾಂಕಿನ ಗಾತ್ರವಲ್ಲ, ತೂತಿನ ಗಾತ್ರ. ಔಷಧವೂ ಹೀಗೇ. ದಿನಕ್ಕೆ 600 ಮಿಲಿಗ್ರಾಂ ಅಂದರೆ ಗಂಟೆಗೆ 25. ಲಿವರ್ ಗಂಟೆಗೆ 10 ಲೀಟರ್ ರಕ್ತದಷ್ಟನ್ನು ಈ ಔಷಧದಿಂದ ಪೂರ್ತಿ ಸ್ವಚ್ಛ ಮಾಡುತ್ತದೆ ಅಂತ ಇಟ್ಟುಕೊಳ್ಳಿ. 25ನ್ನು 10ರಿಂದ ಭಾಗಿಸಿದರೆ ಲೀಟರಿಗೆ 2.5 ಮಿಲಿಗ್ರಾಂ. ಎಫಾವಿರೆಂಜ್ ಲೀಟರಿಗೆ 1ರಿಂದ 4 ಮಿಲಿಗ್ರಾಂ ಒಳಗಿರಬೇಕು ಅನ್ನುವುದು ರೂಢಿಯ ಲೆಕ್ಕ. ಆಯಿತಲ್ಲ, ಎಲ್ಲ ಸರಿ ಇದೆ. ಆದರೆ ಇನ್ನೊಬ್ಬರ ಲಿವರ್ ಗಂಟೆಗೆ 4 ಲೀಟರ್ ಮಾತ್ರ ಸ್ವಚ್ಛ ಮಾಡಿದರೆ? 25ನ್ನು 4ರಿಂದ ಭಾಗಿಸಿ, 6.25. ಅದೇ ಮಾತ್ರೆ, ಅದೇ ಹೊತ್ತು. ಆದರೂ ಇವರು ಪ್ರತಿ ರಾತ್ರಿ ಹೆಚ್ಚುಕಡಿಮೆ ಎರಡೂವರೆ ಮಾತ್ರೆ ನುಂಗಿದ ಹಾಗೆ.

ಆ ತೂತಿನ ಗಾತ್ರವನ್ನು ಮುಖ್ಯವಾಗಿ ತೀರ್ಮಾನಿಸುವುದು ಲಿವರಿನಲ್ಲಿರುವ ಸಿವೈಪಿ2ಬಿ6 ಎಂಬ ಕಿಣ್ವ. ಅದರ ಜೀನಿನಲ್ಲಿ 516ನೇ ಜಾಗದಲ್ಲಿ ‘ಜಿ’ ಅಕ್ಷರದ ಬದಲು ‘ಟಿ’ ಕೂತರೆ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ‘ಟಿ’ ಬಂದವರಿಗೆ ತೂತು ತೀರಾ ಸಣ್ಣದು. 2004ರಲ್ಲಿ ಅಮೆರಿಕದ ಸಂಶೋಧಕರು ಪರೀಕ್ಷೆ ಮಾಡಿದಾಗ, ಎರಡೂ ‘ಟಿ’ ಇದ್ದವರು ಅಲ್ಲಿನ ಬಿಳಿಯರಲ್ಲಿ ಶೇ. 3, ಆಫ್ರಿಕನ್ ಮೂಲದವರಲ್ಲಿ ಶೇ. 20. ಜಿಂಬಾಬ್ವೆಯ ಹರಾರೆಯಲ್ಲಿ ಕಾಲೆನ್ ಮಸಿಮಿರೆಂಬ್ವಾ ಅವರ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ನಿಧಾನದ ‘ಟಿ’ ನಮೂನೆಯ ಪಾಲು ಒಟ್ಟು ಜೀನುಗಳಲ್ಲಿ ಅರ್ಧಕ್ಕೆ ಹತ್ತಿರವಿತ್ತು. ಅಂದರೆ ಎರಡೂ ಕಡೆಯಿಂದ ಪಡೆದವರು ನಾಲ್ಕೈದು ಜನಕ್ಕೆ ಒಬ್ಬರು. ಅಂಥವರಿಗೆ ಡೋಸನ್ನು ಶೇ. 35ರಷ್ಟು ಇಳಿಸಿದರೆ ಸರಿಹೋಗುತ್ತದೆ ಅಂತ ಆ ತಂಡ ಲೆಕ್ಕ ಹಾಕಿತು. 600ರಲ್ಲಿ ಶೇ. 35 ಕಳೆದರೆ 390. ಆರು ವರ್ಷ ಆದಮೇಲೆ, 2014ರಲ್ಲಿ, ಎನ್‌ಕೋರ್1 ಎಂಬ ದೊಡ್ಡ ಅಂತರರಾಷ್ಟ್ರೀಯ ಪ್ರಯೋಗ ಬೇರೆ ದಾರಿಯಲ್ಲಿ ಬಂದು ಹೇಳಿದ್ದೇನು ಗೊತ್ತಾ? ಎಲ್ಲರಿಗೂ 400 ಮಿಲಿಗ್ರಾಂ ಸಾಕು, ವೈರಸ್ ಅಷ್ಟೇ ಚೆನ್ನಾಗಿ ಹತೋಟಿಗೆ ಬರುತ್ತದೆ!

ಇಷ್ಟು ಕೇಳಿದ ಕೂಡಲೇ ‘ಕಪ್ಪು ಜನರ ಲಿವರ್ ನಿಧಾನ’ ಅಂತ ತೀರ್ಮಾನಿಸುವವರು ಇದ್ದಾರೆ. ಇದು ನನಗೆ ತಡೆಯಲಾಗದ ಮಾತು. ಶೇ. 20 ಅಂದರೆ ಉಳಿದ ಶೇ. 80 ಜನ ಹಾಗಿಲ್ಲ ಅಂತ ಅರ್ಥ. ಆಫ್ರಿಕಾ ಒಳಗೇ ಒಂದು ಜನಸಮುದಾಯದಿಂದ ಇನ್ನೊಂದಕ್ಕೆ ಈ ಪಾಲು ಬದಲಾಗುತ್ತದೆ. ಅಷ್ಟೇ ಅಲ್ಲ, ನಮ್ಮಲ್ಲೂ ಇದೇ ‘ಟಿ’ ಇದೆ. ಚೆನ್ನೈನ ಕ್ಷಯ ಸಂಶೋಧನಾ ಕೇಂದ್ರದವರು ದಕ್ಷಿಣ ಭಾರತದ ರೋಗಿಗಳಲ್ಲಿ ಎಫಾವಿರೆಂಜ್ ಅಳೆದು 2009ರಲ್ಲಿ ಪ್ರಕಟಿಸಿದರು. ಔಷಧದ ಮಟ್ಟವನ್ನು ನಿರ್ಧರಿಸುತ್ತಿದ್ದದ್ದು ಈ ಜೀನೇ. ಚರ್ಮದ ಬಣ್ಣ ನೋಡಿ ಡೋಸ್ ಹೇಳಲು ಬರುವುದಿಲ್ಲ.

ಅದೇ ಚೆನ್ನೈ ಅಧ್ಯಯನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಹೆಚ್ಚಿಸುತ್ತದೆ, ಅಂದರೆ ತೂತನ್ನು ದೊಡ್ಡದು ಮಾಡುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರಿಗೆ ಎಫಾವಿರೆಂಜನ್ನು 800ಕ್ಕೆ ಏರಿಸಿ ಅಂತ ಅಮೆರಿಕದ ಲೇಬಲ್ ಹೇಳಿತು. ಪುಸ್ತಕದ ಪ್ರಕಾರ ಸರಿಯಾದ ಮಾತು. ಆದರೆ ಚೆನ್ನೈನಲ್ಲಿ ರಿಫಾಂಪಿಸಿನ್‌ನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲೇ ಇಲ್ಲ. ಆಫ್ರಿಕಾದಲ್ಲಿ ಕೆಲವರಿಗೆ ಮಟ್ಟ ಇಳಿಯುವ ಬದಲು ಏರಿತು! ಕಾರಣ, ಕ್ಷಯದ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಒಂದೇ ಇರುವುದಿಲ್ಲ, ಜೊತೆಗೆ ಐಸೋನಿಯಾಜಿಡ್ ಎಂಬ ಇನ್ನೊಂದು ಔಷಧ ಇರುತ್ತದೆ. ಎರಡೂ ‘ಟಿ’ ಇದ್ದು ಮುಖ್ಯ ತೂತು ಮೊದಲೇ ಮುಚ್ಚಿದಂತಿರುವ ದೇಹದಲ್ಲಿ ಸಿವೈಪಿ2ಎ6 ಎಂಬ ಇನ್ನೊಂದು ಸಣ್ಣ ತೂತೇ ಗತಿ. ಐಸೋನಿಯಾಜಿಡ್ ಅದನ್ನೂ ಮುಚ್ಚುತ್ತದೆ. ಎಚ್‌ಐವಿ, ಕ್ಷಯ ಎರಡೂ ಒಟ್ಟಿಗೆ ಇರುವ ರೋಗಿಗಳು ಬಾಸೆಲ್‌ನಲ್ಲೋ ಬಾಸ್ಟನ್‌ನಲ್ಲೋ ಎಷ್ಟು ಸಿಗುತ್ತಾರೆ ಹೇಳಿ?

ಮೊದಲೆಲ್ಲ ಏನಾಗುತ್ತಿತ್ತು ಅಂದರೆ, ರಕ್ತ ಆಫ್ರಿಕಾದಲ್ಲಿ ತೆಗೆದು, ಡ್ರೈ ಐಸ್‌ನಲ್ಲಿ ಪ್ಯಾಕ್ ಮಾಡಿ ವಿಮಾನ ಹತ್ತಿಸುತ್ತಿದ್ದರು. ಅಳೆಯುವುದು ಯುರೋಪಿನಲ್ಲೋ ಅಮೆರಿಕದಲ್ಲೋ. ರಕ್ತ ಆಫ್ರಿಕಾದ್ದು, ಪೇಪರ್ ಪರದೇಶದ್ದು. ಇದನ್ನು ತಿರುಗಿಸುವ ಕೆಲಸ ನಿಧಾನವಾಗಿ ನಡೆದಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಭಾಗವಾದ ಫೋಗರ್ಟಿ ಕೇಂದ್ರ 1988ರಲ್ಲೇ ಏಡ್ಸ್ ಸಂಶೋಧನೆಗೆ ತರಬೇತಿ ಕೊಡುವ ಕಾರ್ಯಕ್ರಮ ಶುರು ಮಾಡಿತು. ಜಿಂಬಾಬ್ವೆ ವಿಶ್ವವಿದ್ಯಾಲಯ ಮತ್ತು ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾಲಯ ಸೇರಿ ಎಚ್‌ಐವಿ ಔಷಧಶಾಸ್ತ್ರದಲ್ಲೇ ಜನರನ್ನು ತಯಾರು ಮಾಡಿದವು. ಉಗಾಂಡದ ಕಂಪಾಲಾದಲ್ಲಿ ಮಕೆರೆರೆ ವಿಶ್ವವಿದ್ಯಾಲಯದ ಸೋಂಕುರೋಗ ಸಂಸ್ಥೆ 2004ರಲ್ಲಿ ಬಾಗಿಲು ತೆರೆಯಿತು. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಔಷಧದ ಮಟ್ಟ ಅಳೆಯುವ ದೊಡ್ಡ ಲ್ಯಾಬ್ ಇದೆ. ಮಸಿಮಿರೆಂಬ್ವಾ ಸ್ವೀಡನ್‌ನಲ್ಲಿ ಕಲಿತು, ಅಲ್ಲೇ ಔಷಧ ಕಂಪನಿಯಲ್ಲಿ ಕೆಲಸ ಮಾಡಿ, ಊರಿಗೆ ಮರಳಿ ಹರಾರೆಯಲ್ಲಿ ಸಂಸ್ಥೆ ಕಟ್ಟಿದವರು. ಎಲ್ಲರೂ ಮರಳುವುದಿಲ್ಲ, ಅದು ನಮಗೇನು ಹೊಸ ಕತೆಯಲ್ಲ.

ಈ ತರಬೇತಿ ಅಂದರೆ ತರಗತಿಯಲ್ಲಿ ಕೂತು ಸ್ಲೈಡ್ ನೋಡುವುದು ಅಂದುಕೊಳ್ಳಬೇಡಿ. ಬರುವವರು ನರ್ಸ್, ಫಾರ್ಮಸಿಸ್ಟ್, ವೈದ್ಯರು, ಲ್ಯಾಬ್ ಟೆಕ್ನಿಷಿಯನ್. ಶುರುವಾಗುವುದು ಒಂದು ಟ್ಯೂಬಿನಿಂದ. ಮಾತ್ರೆ ನುಂಗುವ ಮೊದಲು ಒಮ್ಮೆ, ಆಮೇಲೆ 1, 2, 4, 8, 12, 24ನೇ ಗಂಟೆಗೆ ರಕ್ತ ತೆಗೆಯಬೇಕು. ಟ್ಯೂಬಿನ ಚೀಟಿಯ ಮೇಲೆ ಬರೆಯಬೇಕಾದದ್ದು ಪಟ್ಟಿಯಲ್ಲಿರುವ ಸಮಯವಲ್ಲ, ಸೂಜಿ ಚುಚ್ಚಿದ ಸಮಯ. 9 ಗಂಟೆಗೆ ತೆಗೆಯಬೇಕಿತ್ತು, ರಕ್ತನಾಳ ಸಿಗದೆ 9:25 ಆಯಿತು, ಆದರೂ ಕೈ ಸುಮ್ನೆ ‘9:00’ ಅಂತ ಬರೆದುಬಿಡುತ್ತದೆ. ಮಾತ್ರೆ ನುಂಗಿದ ಮೊದಲ ಗಂಟೆಗಳಲ್ಲಿ ಔಷಧ ಸರ್ರನೆ ಏರುತ್ತಿರುತ್ತದೆ. ಆ 25 ನಿಮಿಷದ ಸುಳ್ಳಿನಿಂದ ಔಷಧದ ಏರಿಳಿತ ತೋರಿಸುವ ಇಡೀ ಗೆರೆ ಪಕ್ಕಕ್ಕೆ ಸರಿದುಹೋಗುತ್ತದೆ. ಎಷ್ಟು ದುಬಾರಿ ಯಂತ್ರ ತಂದರೂ ಅದನ್ನು ತಿದ್ದಲಾಗುವುದಿಲ್ಲ.

ಆಮೇಲೆ ಟ್ಯೂಬನ್ನು ಗಿರ್ರನೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುವುದು, ಮೈನಸ್ 80 ಡಿಗ್ರಿಯ ಫ್ರೀಜರಿಗೆ ಹಾಕುವುದು. ಕರೆಂಟ್ ಹೋದರೆ ಜನರೇಟರ್ ತಾನಾಗಿ ಶುರುವಾಗುತ್ತದಾ ಅಂತ ನೋಡಿಕೊಳ್ಳುವುದೂ ಇಲ್ಲಿ ಔಷಧಶಾಸ್ತ್ರದ ಪಾಠವೇ. ಪ್ಲಾಸ್ಮಾಕ್ಕೆ ಅಸಿಟೊನೈಟ್ರೈಲ್ ಎಂಬ ದ್ರಾವಕ ಹಾಕಿದರೆ ಪ್ರೋಟೀನ್ ಒಡೆದ ಹಾಲಿನಂತೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ, ಔಷಧ ಎಷ್ಟಿದೆ ಎಂದು ಅಳೆಯುವ ಯಂತ್ರಕ್ಕೆ ಕೊಡಬೇಕು. ಪ್ರತಿ ಸಲವೂ ಗೊತ್ತಿರುವ ಪ್ರಮಾಣದ ಮಾದರಿಗಳನ್ನು ಜೊತೆಗೆ ಓಡಿಸಿ, ಉತ್ತರ ಶೇ. 15ಕ್ಕಿಂತ ಹೆಚ್ಚು ತಪ್ಪಿಲ್ಲ ಅಂತ ತೋರಿಸಬೇಕು. ಎಫಾವಿರೆಂಜ್ ತನ್ನನ್ನು ಒಡೆಯುವ ಕಿಣ್ವವನ್ನು ತಾನೇ ಹೆಚ್ಚಿಸಿಕೊಳ್ಳುವ ಔಷಧ. ಆದ್ದರಿಂದ ಮೊದಲ ದಿನದ ಅಳತೆ ನಂಬುವಂತಿಲ್ಲ, ಕೆಲವು ವಾರ ಕಾಯಬೇಕು ಅನ್ನುವುದೂ ತಿಳಿದಿರಬೇಕು.

ಇದೆಲ್ಲ ಬಲ್ಲ ಜನ ಊರಲ್ಲಿ ಇಲ್ಲದಿದ್ದರೆ ಆ ಜಾಗವನ್ನು ಬೇರೆಯವರು ತುಂಬುತ್ತಾರೆ. 2000ದ ದಶಕದಲ್ಲಿ ದಕ್ಷಿಣ ಆಫ್ರಿಕಾದ ಆರೋಗ್ಯ ಸಚಿವೆ ಏಡ್ಸ್‌ಗೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣು ಅಂತ ಹೇಳುತ್ತ ಕೂತಿದ್ದರು. ಸರ್ಕಾರ ಔಷಧ ಕೊಡಲು ಮೀನಮೇಷ ಎಣಿಸಿದ್ದರಿಂದ 3,30,000ಕ್ಕೂ ಹೆಚ್ಚು ಜೀವ ಹೋದವು ಎಂದು 2008ರಲ್ಲಿ ಹಾರ್ವರ್ಡ್ ಸಂಶೋಧಕರು ಅಂದಾಜಿಸಿದರು. ಬೆಳ್ಳುಳ್ಳಿ ತಿಂದರೆ ನಷ್ಟವೇನು ಅಂತೀರಾ? 2002ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಿಗೆ ಬೆಳ್ಳುಳ್ಳಿ ಮಾತ್ರೆಯನ್ನೂ ಸಾಕ್ವಿನಾವಿರ್ ಎಂಬ ಎಚ್‌ಐವಿ ಔಷಧವನ್ನೂ ಒಟ್ಟಿಗೆ ಕೊಟ್ಟು ನೋಡಿದಾಗ ರಕ್ತದಲ್ಲಿ ಔಷಧ ಅರ್ಧಕ್ಕೆ ಇಳಿದಿತ್ತು. ಆದರೆ ಎಲ್ಲ ಬೇರು ಗೆಡ್ಡೆಯೂ ಅಪಾಯ ಅಂತ ಬೈಯುವುದೂ ಅಷ್ಟೇ ಕುರುಡು. ‘ಆಫ್ರಿಕನ್ ಪೊಟೇಟೊ’ ಎಂಬ ಗೆಡ್ಡೆ ಪ್ರನಾಳದಲ್ಲಿ ಲಿವರಿನ ಕಿಣ್ವಗಳನ್ನು ತಡೆಯುತ್ತಿತ್ತು, ಹಾಗಾಗಿ ದಿಗಿಲಿತ್ತು. ಆಮೇಲೆ ಮನುಷ್ಯರಲ್ಲಿ ಲೋಪಿನಾವಿರ್ ಎಂಬ ಎಚ್‌ಐವಿ ಔಷಧದ ಜೊತೆ ಕೊಟ್ಟು ಅಳೆದಾಗ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಈಗ ಎಫಾವಿರೆಂಜ್ ಬಹುಪಾಲು ಹಿಂದೆ ಸರಿದಿದೆ. 2019ರಿಂದ ಡೊಲುಟೆಗ್ರಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧ ಮೊದಲ ಆಯ್ಕೆ. ಆಫ್ರಿಕಾ ನುಂಗುವ ಈ ಮಾತ್ರೆಗಳಲ್ಲಿ ಬಹುಪಾಲು ಭಾರತದ ಕಂಪನಿಗಳವು. 2017ರ ಒಪ್ಪಂದದಲ್ಲಿ ಡೊಲುಟೆಗ್ರಾವಿರ್ ಸೇರಿ ಮೂರು ಔಷಧ ಇರುವ ಮಾತ್ರೆಯ ಬೆಲೆ ಒಬ್ಬರಿಗೆ ವರ್ಷಕ್ಕೆ ಸುಮಾರು 75 ಡಾಲರಿಗೆ ಇಳಿಯಿತು. ಮಾತ್ರೆ ಅಗ್ಗವಾಯಿತು, ಪ್ರಶ್ನೆಗಳು ಹಾಗೇ ಉಳಿದವು. ರಿಫಾಂಪಿಸಿನ್ ಜೊತೆಗೆ ಡೊಲುಟೆಗ್ರಾವಿರನ್ನು ದಿನಕ್ಕೆ ಒಂದರ ಬದಲು ಎರಡು ಸಲ ಕೊಡಬೇಕು. ಬಸುರಿಯರಿಗೆ ಹೇಗೆ? ಕಂಪಾಲಾ, ಕೇಪ್‌ಟೌನ್‌ನಲ್ಲಿ ನಡೆದ ‘ಡಾಲ್ಫಿನ್’ ಎಂಬ ಹೆಸರಿನ ಅಧ್ಯಯನಗಳು ತಾಯಂದಿರ ರಕ್ತ, ಎದೆಹಾಲು, ಮಗುವಿನ ರಕ್ತ ಮೂರನ್ನೂ ಅಳೆದವು. ಹಾಲಿನಲ್ಲಿ ಇದ್ದದ್ದು ತಾಯಿಯ ರಕ್ತದಲ್ಲಿರುವುದರ ಸುಮಾರು ಶೇ. 3 ಅಷ್ಟೇ. ಆದರೆ ಹಸುಗೂಸಿನ ಲಿವರ್ ಇನ್ನೂ ಬಲಿತಿರುವುದಿಲ್ಲ, ಹಾಗಾಗಿ ಔಷಧ ಮಗುವಿನ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಮುಂದಿನದು ಲೆನಕಾಪಾವಿರ್. ಎಚ್‌ಐವಿ ತಗುಲದಂತೆ ತಡೆಯಲು ಆರು ತಿಂಗಳಿಗೊಂದು ಇಂಜೆಕ್ಷನ್. ಉಗಾಂಡ, ದಕ್ಷಿಣ ಆಫ್ರಿಕಾದಲ್ಲಿ ನಡೆದ ಪ್ರಯೋಗದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲ ಅಂತ 2024ರಲ್ಲಿ ಗೊತ್ತಾಯಿತು. ಚುಚ್ಚಿದ ಮೇಲೆ ಇದನ್ನು ಹೊರಗೆ ತೆಗೆಯಲು ಬರುವುದಿಲ್ಲ. ನಡುವೆ ಕ್ಷಯ ಬಂದು ರಿಫಾಂಪಿಸಿನ್ ಶುರುವಾದರೆ ಮಟ್ಟ ಇಳಿಯುತ್ತದೆ. ಎಷ್ಟು ಬೇಗ, ಯಾರಲ್ಲಿ ಜಾಸ್ತಿ, ಅದನ್ನು ತುಂಬಿಕೊಡಲು ಎಷ್ಟು ಮಾತ್ರೆ ಬೇಕು ಅನ್ನುವುದನ್ನು ಕ್ಷಯವೂ ಇರುವ ಜಾಗದಲ್ಲೇ ಅಳೆಯಬೇಕು. ಅಳೆಯುವ ಕೈಗಳು ಇವತ್ತು ಹರಾರೆಯಲ್ಲಿವೆ, ಕಂಪಾಲಾದಲ್ಲಿವೆ. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ತನ್ನ ವಿಶ್ವವಿದ್ಯಾಲಯಗಳ ಅನುದಾನದಿಂದ ವಿದೇಶಿ ಪಾಲುದಾರರಿಗೆ ಹೋಗುವ ಉಪ-ಅನುದಾನಗಳನ್ನು ಹೊಸ ವ್ಯವಸ್ಥೆ ಬರುವವರೆಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಹೊಸಬರ ಸ್ಟೈಪೆಂಡ್, ಫ್ರೀಜರಿನ ಡೀಸೆಲ್, ಯಂತ್ರದ ಸರ್ವಿಸ್ ಎಲ್ಲವೂ ನಡೆಯುವುದು ಇಂಥ ದುಡ್ಡಿನಲ್ಲೇ.