ಶಾಂತ ಮೂಲೆಗೆ ಮೊದಲು ಏನನ್ನೂ ಕೊಳ್ಳಬೇಡಿ

ಶಾಂತ ಮೂಲೆ ಅಂದರೆ ಸದ್ದು, ಬೆಳಕು, ವಾಸನೆಗೆ ಕೆರಳಿದ ಮಗು ಸುಧಾರಿಸಿಕೊಳ್ಳಲು ಮನೆಯಲ್ಲೇ ಮಾಡಿಕೊಡುವ ಜಾಗ. ಆಟಿಸಂ ಇರುವ ಮಕ್ಕಳ ಪೋಷಕರು ಥೆರಪಿಗೆ ಬಂದಾಗ ಅದಕ್ಕೆಂದು ಮೊಬೈಲ್‌ನಲ್ಲಿ ಒಂದು ಪಟ್ಟಿ ತೋರಿಸುತ್ತಾರೆ. ಬಣ್ಣ ಬದಲಿಸುವ ದೀಪ, ಪುಟ್ಟ ಟೆಂಟ್, ಒಳಗೆ ತೂಕ ತುಂಬಿದ ಭಾರದ ಹೊದಿಕೆ. ‘ಯಾವುದು ತರಿಸೋಣ ಮೇಡಂ?’ ಸದ್ಯಕ್ಕೆ ಯಾವುದೂ ಬೇಡ ಅನ್ನುತ್ತೇನೆ. ಇರುವುದನ್ನು ಕಡಿಮೆ ಮಾಡುವುದೇ ಮೊದಲ ಕೆಲಸ.

ಮಗು ಕೂರುವ ಜಾಗದಲ್ಲಿ ನೀವೇ ಹತ್ತು ನಿಮಿಷ ನೆಲದ ಮೇಲೆ ಕೂತು ನೋಡಿ. ಮಿಕ್ಸಿ, ಕುಕ್ಕರ್ ಕೂಗು, ಹಾಲ್‌ನ ಟಿವಿ, ಒಗ್ಗರಣೆ ಘಾಟು, ಫಿನೈಲ್ ವಾಸನೆ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಗುಂಯ್ ಅನ್ನುತ್ತದೆ, ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮಗೆ ಇದೆಲ್ಲ ರೂಢಿಯಾಗಿದೆ, ಅಷ್ಟೇ.

ಬೇರೆ ಕೋಣೆಯೇ ಬೇಕಿಲ್ಲ. ಬೀರು ಮತ್ತು ಗೋಡೆಯ ನಡುವಿನ ಸಂದಿ ಸಾಕು. ಮೇಜಿಗೆ ಹಳೇ ಕಾಟನ್ ಸೀರೆ ಇಳಿಬಿಟ್ಟರೂ ಆಯಿತು. ದೇವರಮನೆ ಪಕ್ಕ ಮಾತ್ರ ಬೇಡ, ಗಂಟೆ ಮತ್ತು ಅಗರಬತ್ತಿ ಎರಡೂ ಅಲ್ಲೇ ಇರುತ್ತವೆ ಅಲ್ವಾ.

ಎಲ್ಲ ಮಕ್ಕಳಿಗೂ ಬರೀ ನಿಶ್ಶಬ್ದ ಸಾಲದು. ಕೆಲವರಿಗೆ ಮೈಗೆ ಕೆಲಸ ಬೇಕು. ಗೋಡೆ ತಳ್ಳುವುದು, ಚಪಾತಿ ಹಿಟ್ಟು ನಾದುವುದು, ಮಗುವಿನ ಕೈಲಾಗುವಷ್ಟು ನೀರು ತುಂಬಿದ ಬಿಂದಿಗೆ ಎತ್ತಿಡುವುದು. ಸ್ನಾಯು ಮತ್ತು ಕೀಲುಗಳಿಂದ ಬರುವ ಈ ಅರಿವಿಗೆ ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ 1970ರ ದಶಕದಲ್ಲೇ ಒತ್ತು ಕೊಟ್ಟಿದ್ದರು. ಉಯ್ಯಾಲೆ ಇದ್ದರೆ ಹಿಂದೆ ಮುಂದೆ ನಿಧಾನವಾಗಿ ತೂಗಿ. ಗಿರಗಿರ ತಿರುಗಿಸಿದರೆ ಎಷ್ಟೋ ಮಕ್ಕಳು ಇನ್ನೂ ಜಾಸ್ತಿ ಕೆರಳುತ್ತಾರೆ.

ಭಾರದ ಹೊದಿಕೆಗೆ ದುಡ್ಡು ಸುರಿಯುವ ಮುಂಚೆ ಒಂದು ವಿಷಯ. ಆಟಿಸಂ ಇರುವ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರಿಂದ ನಿದ್ದೆ ಹೆಚ್ಚಲಿಲ್ಲ. ಮಕ್ಕಳಿಗೆ ಇಷ್ಟವಾಯಿತು, ಅದು ನಿಜ. ಚಿಕ್ಕ ಮಗುವಿಗೆ, ತಾನೇ ಸರಿಸಲಾಗದ ಮಗುವಿಗೆ ಅದನ್ನು ಹೊದಿಸಲೇಬೇಡಿ.

ಮೂಲೆ ಕೆಡುವುದು ಹೆಚ್ಚಾಗಿ ನಮ್ಮ ಬಾಯಿಂದ. ‘ಹಠ ಮಾಡ್ತೀಯಾ? ಹೋಗಿ ಅಲ್ಲಿ ಕೂತ್ಕೋ’ ಅಂದ ದಿನ ಅದು ಶಿಕ್ಷೆಯ ಜಾಗವಾಯಿತು. ಮಗು ಖುಷಿಯಾಗಿದ್ದಾಗಲೇ ಅಲ್ಲಿ ಜೊತೆಗೆ ಕೂತು ರೂಢಿ ಮಾಡಿಸಿ. ‘ಮಗೂನ ಗೂಡಲ್ಲಿ ಕೂರಿಸ್ತೀರಾ?’ ಅಂತ ಅಜ್ಜಿ ಬೇಜಾರು ಮಾಡಿಕೊಂಡರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ರಂಪ ಶುರುವಾದ ಮೇಲೆ ಬುದ್ಧಿಮಾತು ಬೇಡ. ದೀಪ ಆರಿಸಿ, ಮಾತು ನಿಲ್ಲಿಸಿ, ಕಣ್ಣಳತೆಯಲ್ಲಿರಿ. ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಇದ್ದರೆ ಮೂಲೆಯನ್ನೇ ನಂಬಿ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ.