ಎಣ್ಣೆಯ ಸುದ್ದಿ ಗೊತ್ತಿಲ್ಲದ ದೀಪ

ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ ಒಂದು ಭಾನುವಾರ ಫೋನ್ ಮಾಡಿದ. "ಅಣ್ಣಾ, ಶುಕ್ರವಾರ ತಾನೇ ಕಾರು ಸರ್ವೀಸ್ ಮಾಡಿಸಿದೆ. ಇವತ್ತು ನೋಡಿದ್ರೆ 'ಮೇಂಟ್ ರಿಕ್ವೈರ್ಡ್' ಅಂತ ಹಳದಿ ದೀಪ ಉರೀತಿದೆ. ಆಯಿಲ್ ಬದಲಿಸದೇ ದುಡ್ಡು ತಗೊಂಡ್ರಾ?" ಅವನದು 2005ರ ಟೊಯೋಟಾ ಕೊರೋಲಾ. ಅದರಲ್ಲಿ ಆ ದೀಪ 'ಸರ್ವೀಸ್ ಮಾಡಿಸಿ' ಅಂತ ನೆನಪಿಸುವಂಥದ್ದು.

ಮೊದಲು ಡಿಪ್‌ಸ್ಟಿಕ್, ಅಂದರೆ ಎಂಜಿನ್ ಎಣ್ಣೆ ಅಳೆಯುವ ಕಡ್ಡಿ, ಎಳೆದು ನೋಡು ಅಂದೆ. ಟಿಶ್ಯೂ ಕಾಗದಕ್ಕೆ ಒರೆಸಿ ಫೋಟೊ ಕಳಿಸಿದ. ತಿಳಿಜೇನಿನ ಬಣ್ಣ, ಎಣ್ಣೆ ಹೊಸದೇ. (ಡೀಸೆಲ್ ಗಾಡಿಯಾಗಿದ್ದರೆ ಈ ಪರೀಕ್ಷೆ ನಡೆಯುತ್ತಿರಲಿಲ್ಲ, ಅಲ್ಲಿ ಹೊಸ ಆಯಿಲೂ ಮಸಿ ಕುಡಿದು ಬೇಗ ಕಪ್ಪಾಗುತ್ತದೆ.) ಗ್ಯಾರೇಜಿನವರು ಕೆಲಸ ಮಾಡಿದ್ದರು, ಲೆಕ್ಕ ಅಳಿಸುವುದನ್ನು ಮಾತ್ರ ಮರೆತಿದ್ದರು.

ಆ ದೀಪಕ್ಕೆ ಎಣ್ಣೆಯ ಗೊಡವೆಯೇ ಇಲ್ಲ. ಅದರ ಹಿಂದಿರುವುದು ಬರೀ ಮೈಲಿ ಎಣಿಸುವ ಗುಮಾಸ್ತ. ಕಳೆದ ಸಲ ಸೊನ್ನೆ ಮಾಡಿದಲ್ಲಿಂದ 4,500 ಮೈಲಿ ಆದಾಗ ಕೆಲವು ಕ್ಷಣ ಮಿಟುಕಿಸುತ್ತದೆ, 5,000 ಮೈಲಿ, ಅಂದರೆ ಸುಮಾರು 8,000 ಕಿಲೋಮೀಟರ್ ದಾಟಿದರೆ ಆರದೆ ಉರಿಯುತ್ತದೆ. ನಡುವೆ ನೀವು ಎಣ್ಣೆ ಬದಲಿಸಿದಿರೋ ಬಿಟ್ಟಿರೋ, ಅದು ಕೇಳುವುದಿಲ್ಲ. ಎಣ್ಣೆ ಹಾಕದೆಯೇ ದೀಪ ಆರಿಸಿದರೂ ಅಷ್ಟೇ ಸಲೀಸಾಗಿ ನಂಬುತ್ತದೆ.

ಆರಿಸುವುದು ಹೇಗೆಂದು ಹೇಳಿಕೊಟ್ಟೆ. ಕೀ ಆಫ್ ಮಾಡು, ಮೀಟರಿನ ಪಕ್ಕದ ಪುಟ್ಟ ಟ್ರಿಪ್ ಗುಂಡಿ ಒತ್ತಿ ಹಿಡಿ, ಕೈ ತೆಗೆಯದೆ ಕೀಯನ್ನು 'ಆನ್'ಗೆ ತಿರುಗಿಸು, ಎಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡ. ಮಾಡಿದ, ಆರಲಿಲ್ಲ. ಪರದೆಯ ಮೇಲೆ 'ಟ್ರಿಪ್ ಎ', ಅಂದರೆ ಒಂದೊಂದು ಪ್ರಯಾಣದ ದೂರ ಅಳೆಯುವ ಲೆಕ್ಕ, ಇತ್ತಂತೆ, ಅದೊಂದೇ ಅಳಿದುಹೋಗಿತ್ತು. ಗುಂಡಿ ಒಂದೇ, ಕೆಲಸ ಎರಡು. ಈ ಮಾದರಿಯಲ್ಲಿ ಕಾರು ಒಟ್ಟು ಓಡಿದ ಲೆಕ್ಕ, ಅಂದರೆ ಓಡೋಮೀಟರ್, ಕೀ ಆಫ್ ಮಾಡುವ ಮೊದಲೇ ಪರದೆಯ ಮೇಲೆ ಇರಬೇಕು. ಎರಡನೇ ಸಲ ಸೊನ್ನೆಗಳ ಸಾಲು ಮೂಡಿತು, ದೀಪ ಆರಿತು. ಬೇರೆ ಮಾದರಿಗಳಲ್ಲಿ ಕ್ರಮ ಬೇರೆ. ಕಾರಿನ ಜೊತೆ ಬರುವ ಪುಸ್ತಕವೇ ಗತಿ.

ಎಲ್ಲ ಕಾರುಗಳೂ ಇಷ್ಟು ಮುಗ್ಧವಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1980ರ ದಶಕದ ಕೊನೆಯ ಹೊತ್ತಿಗೇ ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಬಿಸಿಯಲ್ಲಿ ತಿರುಗಿತು ಎಂದು ನೋಡಿ ಎಣ್ಣೆಯ ಆಯಸ್ಸು ಅಂದಾಜು ಮಾಡುವ ಏರ್ಪಾಟು ತಂದಿತ್ತು. ಹೋಂಡಾದ ಹಲವು ಕಾರುಗಳಲ್ಲಿ ಆ ಆಯಸ್ಸು ಶೇಕಡಾವಾರು ಕಾಣುತ್ತದೆ, 15ಕ್ಕೆ ಇಳಿದಾಗ ಸ್ಪ್ಯಾನರ್ ಚಿತ್ರ ಬರುತ್ತದೆ. ಇದೂ ಲೆಕ್ಕವೇ, ಎಣ್ಣೆಯನ್ನು ಮುಟ್ಟಿ ನೋಡಿದ್ದಲ್ಲ. ಆದರೆ ಬುದ್ಧಿವಂತ ಲೆಕ್ಕ.

ಬಿಸಿಯನ್ನೇಕೆ ನೋಡಬೇಕು? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ, ಆಮ್ಲ ಹುಟ್ಟಿಸುವ ಅನಿಲಗಳ ಜೊತೆ ಕೆಳಗಿನ ಎಣ್ಣೆಗೆ ಸೇರುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದ ಎಂಜಿನ್ನಿನ ಎಣ್ಣೆ ಚೆನ್ನಾಗಿ ಕಾದು ಈ ನೀರನ್ನು ಹಾರಿಸಿಬಿಡುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಓಡಿಸಿದರೆ ಎಣ್ಣೆ ಕಾಯುವ ಮೊದಲೇ ಕೀ ಆಫ್. ನೀರು ಅಲ್ಲೇ ಉಳಿಯುತ್ತದೆ, ಉರಿಯದ ಪೆಟ್ರೋಲೂ ಬೆರೆತು ಎಣ್ಣೆ ತೆಳುವಾಗುತ್ತದೆ, ಆಮ್ಲವನ್ನು ತಣಿಸಲೆಂದು ಬೆರೆಸಿದ ಕ್ಷಾರ ಬೇಗ ಖರ್ಚಾಗುತ್ತದೆ. ಕಡಿಮೆ ಓಡಿದ ಕಾರಿನ ಎಣ್ಣೆ ಹೆಚ್ಚು ಓಡಿದ್ದಕ್ಕಿಂತ ಮೊದಲು ಕೆಡುವುದು ಹೀಗೆ.

ಅಂದಹಾಗೆ, ಎಣ್ಣೆ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಬೇರೆಯೇ. ಅದು ಎಣ್ಣೆಯ ಒತ್ತಡ ಕುಸಿದದ್ದಕ್ಕೆ ಹೊತ್ತಿಕೊಳ್ಳುತ್ತದೆ. ಅಲ್ಲಿ ಗುಂಡಿ ಹುಡುಕುತ್ತಾ ಕೂರದೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಬೇಕು.

"ದಿನಾ ಎಲ್ಲಿಗೆ ಓಡಿಸ್ತೀಯ?" ಅಂತ ಕೇಳಿದೆ. ರೈಲ್ವೆ ಸ್ಟೇಷನ್‌ಗಂತೆ, ಎರಡು ಮೈಲಿ, ಅಲ್ಲಿಂದ ಟ್ರೈನು. ಹಾಗಾದರೆ ಅವನ 5,000 ಮೈಲಿ ತುಂಬುವಷ್ಟರಲ್ಲಿ ಮೂರು ಚಳಿಗಾಲವಾದರೂ ಕಳೆದಿರುತ್ತದೆ. ಆರು ತಿಂಗಳ ಆಚೆಯ ತಾರೀಖೊಂದನ್ನು ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ಫೋನ್ ಇಟ್ಟೆ.